ನಿಫ್ಟಿ, ಡಾಲರ್, ಕಾಫಿ ಬೆಲೆ: ಎಕನಾಮೆಟ್ರಿಕ್ಸ್ ಕಲಿಯೋದು ಎಲ್ಲಿಂದ, ಅದನ್ನು ಎಷ್ಟು ನಂಬಬಹುದು?

ದಾವಣಗೆರೆ_ಎಂಎ

ಎಲ್ಲರಿಗೂ ನಮಸ್ಕಾರ. ನಾನು ಎಂಎ ಅರ್ಥಶಾಸ್ತ್ರ ಎರಡನೇ ವರ್ಷದ ವಿದ್ಯಾರ್ಥಿನಿ. ಎಕನಾಮೆಟ್ರಿಕ್ಸ್, ಅಂದರೆ ಅಂಕಿಅಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯೋ ವಿದ್ಯೆ, ಕಲೀತಿದ್ದೀನಿ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಡಿಗ್ರಿಯಲ್ಲಿ ಗಣಿತ ಇರಲಿಲ್ಲ, ಸಂಖ್ಯಾಶಾಸ್ತ್ರದ ಒಂದೇ ಪೇಪರ್ ಇತ್ತು. ಪ್ರಾಜೆಕ್ಟಿಗೆ "ನಿಫ್ಟಿ ಮೇಲೆ ಯಾವುದು ಪ್ರಭಾವ ಬೀರುತ್ತೆ" ಅನ್ನೋ ವಿಷಯ ತಗೊಂಡಿದ್ದೀನಿ. ಹತ್ತು ವರ್ಷದ ತಿಂಗಳವಾರು ಅಂಕಿಅಂಶ ಇದೆ: ನಿಫ್ಟಿಯ ಮುಕ್ತಾಯದ ಮಟ್ಟ, ಡಾಲರ್ ದರ, ರಿಸರ್ವ್ ಬ್ಯಾಂಕ್ ಪ್ರಕಟಿಸೋ ಎಂ3 (ಜನರ ಕೈಯ ನಗದು, ಬ್ಯಾಂಕ್ ಠೇವಣಿ ಎಲ್ಲ ಸೇರಿದ) ಹಣದ ಮೊತ್ತ. ಗ್ರೆಟಲ್ ಅನ್ನೋ ಸಾಫ್ಟ್‌ವೇರಿನಲ್ಲಿ ರಿಗ್ರೆಷನ್ ಮಾಡಿದೆ, ಅಂದರೆ ಡಾಲರ್ ದರ, ಎಂ3 ಬದಲಾದಾಗ ನಿಫ್ಟಿ ಎಷ್ಟು ಬದಲಾಗುತ್ತೆ ಅನ್ನೋ ಸಮೀಕರಣ ಹಾಕಿದೆ. ಆರ್-ಸ್ಕ್ವೇರ್ (ನಿಫ್ಟಿಯ ಏರಿಳಿತದಲ್ಲಿ ಸಮೀಕರಣ ವಿವರಿಸೋ ಪಾಲು, ಹೆಚ್ಚೆಂದರೆ 1) 0.9 ದಾಟಿದೆ, ಎರಡೂ ಗುಣಾಂಕಗಳ ಪಕ್ಕ ಮೂರು ಮೂರು ನಕ್ಷತ್ರ ಬಂದಿದೆ, ಅಂದರೆ ಸಂಬಂಧ ಬರೀ ಅದೃಷ್ಟದ್ದಲ್ಲ ಅನ್ನೋ ಗುರುತು. ತೋರಿಸಿದವರೆಲ್ಲ "ಒಳ್ಳೆ ರಿಸಲ್ಟ್" ಅಂದ್ರು. ಆದರೆ ಕೆಳಗೆ ಡರ್ಬಿನ್-ವಾಟ್ಸನ್ (ಒಂದು ತಿಂಗಳ ತಪ್ಪು ಮುಂದಿನ ತಿಂಗಳಿಗೂ ಮುಂದುವರಿಯುತ್ತಾ ಅಂತ ತೋರಿಸೋ ಅಂಕಿ) 0.2ರ ಆಸುಪಾಸು ತೋರಿಸ್ತಿದೆ. ಅದು 2ರ ಹತ್ತಿರ ಇರಬೇಕು ಅಂತ ಓದಿದ ನೆನಪು.

ಇದನ್ನೇ ಇಟ್ಕೊಂಡು ಅಧ್ಯಾಯ ಬರೀಬಹುದಾ? ಗಾರ್ಚ್, ಕೋ-ಇಂಟಿಗ್ರೇಷನ್, ಇವನ್ನೆಲ್ಲ ಯಾವ ಕ್ರಮದಲ್ಲಿ ಕಲಿಯಬೇಕು ಅಂತಲೂ ಹೇಳಿದರೆ ಉಪಕಾರ ಆಗುತ್ತೆ.

ಸಂಖ್ಯಾ_ಮೇಷ್ಟ್ರು

ಅಧ್ಯಾಯ ಬರೆಯೋದನ್ನು ಸದ್ಯಕ್ಕೆ ನಿಲ್ಲಿಸಮ್ಮ. ನಿನ್ನ ಕಣ್ಣು ಡರ್ಬಿನ್-ವಾಟ್ಸನ್ ಮೇಲೆ ಬಿತ್ತಲ್ಲ, ಅದು ಬೀಳಬೇಕಾದ ಜಾಗವೇ.

1926ರಲ್ಲಿ ಯೂಲ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಒಂದು ಲೆಕ್ಕ ತೋರಿಸಿದ. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆದ ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದವುಗಳ ಪ್ರಮಾಣ ಒಂದು ಕಡೆ, ಅದೇ ವರ್ಷಗಳ ಸಾವಿನ ದರ ಇನ್ನೊಂದು ಕಡೆ. ಎರಡರ ಸಹಸಂಬಂಧ 0.95. ಚರ್ಚಿನಲ್ಲಿ ಮದುವೆ ಕಡಿಮೆಯಾದರೆ ಜನ ಹೆಚ್ಚು ದಿನ ಬದುಕ್ತಾರೆ ಅಂತ ಯಾರೂ ಹೇಳೋದಿಲ್ಲ. ಎರಡೂ ಆ ಕಾಲದಲ್ಲಿ ಇಳೀತಾ ಬಂದಿದ್ದವು, ಅಷ್ಟೇ. 1974ರಲ್ಲಿ ಗ್ರಾಂಜರ್ ಮತ್ತು ನ್ಯೂಬೋಲ್ಡ್ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಸರಣಿಗಳನ್ನು ಹುಟ್ಟಿಸಿ, ಒಂದರ ಮೇಲೆ ಇನ್ನೊಂದನ್ನು ರಿಗ್ರೆಸ್ ಮಾಡಿ ನೋಡಿದರು. ಇಲ್ಲದ ಸಂಬಂಧ ಮತ್ತೆ ಮತ್ತೆ "ಇದೆ" ಅಂತಲೇ ಬರ್ತಿತ್ತು. ಅವರು ಕೊಟ್ಟ ಎಚ್ಚರಿಕೆ ನೆನಪಿಡೋಕೆ ಸುಲಭ: ಆರ್-ಸ್ಕ್ವೇರ್ ಡರ್ಬಿನ್-ವಾಟ್ಸನ್‌ಗಿಂತ ದೊಡ್ಡದಾಗಿದ್ದರೆ ಆ ರಿಗ್ರೆಷನ್ನನ್ನು ಅನುಮಾನಿಸಬೇಕು. ನಿನ್ನದರಲ್ಲಿ 0.9 ಎಲ್ಲಿ, 0.2 ಎಲ್ಲಿ!

ಹತ್ತು ವರ್ಷದಲ್ಲಿ ನಿಫ್ಟಿ ಏರಿದೆ, ಎಂ3 ಏರಿದೆ, ಡಾಲರ್ ದರವೂ ಏರಿದೆ. ಅದೇ ಅವಧಿಯಲ್ಲಿ ಏರಿದ ಬೇರೆ ಯಾವುದನ್ನು ಹಾಕಿದ್ದರೂ ನಕ್ಷತ್ರ ಬರ್ತಿತ್ತು. ಈಗ ಮಾಡಬೇಕಾದ್ದು ಇಷ್ಟು. ಮೂರೂ ಸರಣಿಗಳ ಲಾಗ್ ತಗೊಂಡು, ಈ ತಿಂಗಳದ್ದರಲ್ಲಿ ಹಿಂದಿನ ತಿಂಗಳದ್ದನ್ನು ಕಳಿ. ನಿಫ್ಟಿಗೆ ಅದೇ ರಿಟರ್ನ್. ಮೊದಲು ಮಟ್ಟದ ಗ್ರಾಫ್, ಆಮೇಲೆ ರಿಟರ್ನ್ ಗ್ರಾಫ್, ಎರಡನ್ನೂ ಎಳೆದು ಒಂದು ದಿನ ಸುಮ್ಮನೆ ನೋಡು. ನಂತರ ಡಿಕಿ-ಫುಲ್ಲರ್ ಪರೀಕ್ಷೆ. ಸರಣಿ ದಿಕ್ಕಿಲ್ಲದೆ ಅಲೆಯುತ್ತಾ, ಇಲ್ಲ ತನ್ನ ಸರಾಸರಿಗೆ ಮರಳುತ್ತಾ (ಸ್ಥಿರವಾಗಿದೆಯಾ) ಅಂತ ಹೇಳೋ ಪರೀಕ್ಷೆ ಅದು. ಅದರಲ್ಲಿ 1.645, 1.96 ಅನ್ನೋ ಮಾಮೂಲಿ ಗಡಿಗಳು ನಡೆಯೋದಿಲ್ಲ. ಸ್ಥಿರಾಂಕ ಸೇರಿಸಿದ ಸಮೀಕರಣಕ್ಕೆ ಶೇ 5ರ ಗಡಿ ಸುಮಾರು -2.86, ಅದಕ್ಕಿಂತ ಕೆಳಗಿಳಿದರೆ ಸರಣಿ ಸ್ಥಿರ. ಮಟ್ಟಗಳು ಬಹುಶಃ ಅದನ್ನು ದಾಟೋದಿಲ್ಲ, ರಿಟರ್ನ್‌ಗಳು ಸಲೀಸಾಗಿ ದಾಟುತ್ತವೆ.

ರಿಟರ್ನ್ ಹಾಕಿದ ಮೇಲೆ ಆರ್-ಸ್ಕ್ವೇರ್ ಪೂರ್ತಿ ಕುಸಿಯುತ್ತೆ. ಗಾಬರಿ ಬೀಳಬೇಡ. ನಿಜವಾದ ಸಂಬಂಧ ಎಷ್ಟಿತ್ತೋ ಅಷ್ಟು ಮಾತ್ರ ಉಳಿಯುತ್ತೆ.

ಹುಬ್ಬಳ್ಳಿ_ಆಪ್ಷನ್ಸ್

ಮೇಷ್ಟ್ರ ಮಾತು ಖರೆ ಅದ. ಆದ್ರ ನನ್ನಂಥವರಿಗೆ ಇದರಿಂದ ಏನ್ ಉಪಯೋಗ ಆಗತೈತ್ರಿ? ನಾನು ವಾರದ ಆಪ್ಷನ್ಸ್ (ಮುಂದ ಒಂದು ಗೊತ್ತಾದ ಬೆಲಿಗೆ ಕೊಳ್ಳೂ ಇಲ್ಲಾ ಮಾರೂ ಹಕ್ಕು) ಟ್ರೇಡ್ ಮಾಡಾಂವ. ನಾಳಿ ಮಾರ್ಕೆಟ್ ಏರತೈತೋ ಇಳೀತೈತೋ, ಅದನ್ನ ಈ ಎಕನಾಮೆಟ್ರಿಕ್ಸ್ ಹೇಳತೈತಿ ಅಂದ್ರ ನಾನೂ ಕಲಿತೀನಿ. ಇಲ್ಲಂದ್ರ ಚಾರ್ಟ್ ನೋಡಿದ್ರ ಸಾಕಲ್ರಿ?

ರಿಸ್ಕ್‌ಡೆಸ್ಕ್_ಬೆಂಗಳೂರು

ಏರುತ್ತೋ ಇಳಿಯುತ್ತೋ ಅನ್ನೋದನ್ನು ಹೇಳೋದಿಲ್ಲ ಸರ್. ದಿನವಹಿ ರಿಟರ್ನ್‌ಗಳಲ್ಲಿ ನಿನ್ನೆಯದಕ್ಕೂ ಇವತ್ತಿನದಕ್ಕೂ ಇರೋ ಸಹಸಂಬಂಧ ಸೊನ್ನೆಗೆ ತೀರಾ ಹತ್ತಿರ. ಅಲ್ಪಸ್ವಲ್ಪ ಇದ್ದರೂ ಬ್ರೋಕರೇಜ್, ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಕಳೆದ ಮೇಲೆ ಕೈಗೆ ಏನೂ ಉಳಿಯಲ್ಲ. ಆದರೆ ಅದೇ ರಿಟರ್ನ್‌ಗಳ ವರ್ಗ ಮಾಡಿ ನೋಡಿ, ಸಹಸಂಬಂಧ ವಾರಗಟ್ಟಲೆ ಎದ್ದು ಕಾಣುತ್ತೆ. ದೊಡ್ಡ ಹೊಯ್ದಾಟದ ಬೆನ್ನಿಗೆ ದೊಡ್ಡ ಹೊಯ್ದಾಟ, ಶಾಂತ ದಿನದ ಬೆನ್ನಿಗೆ ಶಾಂತ ದಿನ. ಮ್ಯಾಂಡೆಲ್‌ಬ್ರೋ ಇದನ್ನು 1963ರಲ್ಲೇ ಹತ್ತಿಯ ಬೆಲೆಗಳಲ್ಲಿ ಗುರುತಿಸಿದ್ದ. ಇದನ್ನು ಸಮೀಕರಣಕ್ಕೆ ಇಳಿಸಿದವರು ರಾಬರ್ಟ್ ಎಂಗಲ್. 1982ರ ಆರ್ಚ್ ಮಾದರಿಯನ್ನು ಅವರು ಷೇರಿನ ಮೇಲಲ್ಲ, ಬ್ರಿಟನ್ನಿನ ಹಣದುಬ್ಬರದ ಮೇಲೆ ಪ್ರಯೋಗ ಮಾಡಿದ್ದು. 1986ರಲ್ಲಿ ಬೊಲರ್‌ಸ್ಲೆವ್ ಅದನ್ನು ಗಾರ್ಚ್ ಆಗಿ ಬೆಳೆಸಿದರು. 2003ರ ಅರ್ಥಶಾಸ್ತ್ರದ ನೊಬೆಲನ್ನು ಎಂಗಲ್ ಮತ್ತು ಗ್ರಾಂಜರ್ ಹಂಚಿಕೊಂಡರು.

ಒಂದು ಲೆಕ್ಕ ಇಲ್ಲೇ ಮಾಡ್ತೀನಿ. ಕ್ಯಾಲ್ಕುಲೇಟರ್ ಹಿಡ್ಕೊಂಡು ಜೊತೆಗೆ ಬನ್ನಿ.

ವೇರಿಯನ್ಸ್ ಅಂದರೆ ಏರಿಳಿತದ ವರ್ಗ. ಗಾರ್ಚ್ ಹೇಳೋದು ಇಷ್ಟು: ನಾಳೆಯ ವೇರಿಯನ್ಸ್ = ಒಂದು ಸ್ಥಿರಾಂಕ + ಆಲ್ಫಾ × ಇವತ್ತಿನ ರಿಟರ್ನಿನ ವರ್ಗ + ಬೀಟಾ × ಇವತ್ತಿಗೆ ಅಂದಾಜು ಮಾಡಿದ್ದ ವೇರಿಯನ್ಸ್. ಲೆಕ್ಕ ಸುಲಭವಾಗಲಿ ಅಂತ ಸ್ಥಿರಾಂಕ 0.02, ಆಲ್ಫಾ 0.10, ಬೀಟಾ 0.88 ಇಟ್ಕೊಳ್ಳೋಣ. ದಿನವಹಿ ಸೂಚ್ಯಂಕಗಳಿಗೆ ಸಾಮಾನ್ಯವಾಗಿ ಬರೋ ಅಂದಾಜುಗಳು ಇದರ ಆಸುಪಾಸಿನಲ್ಲೇ ಇರುತ್ತವೆ. ಹೀಗಿದ್ದಾಗ ದೀರ್ಘಾವಧಿಯ ವೇರಿಯನ್ಸ್ 1, ಅಂದರೆ ದಿನಕ್ಕೆ ಶೇ 1ರ ಏರಿಳಿತ, ವರ್ಷಕ್ಕೆ ಸುಮಾರು ಶೇ 16.

2024ರ ಮೇ 31, ಶುಕ್ರವಾರ: ನಿಫ್ಟಿ 22,530.70ಕ್ಕೆ ಮುಗಿದಿತ್ತು. ವೇರಿಯನ್ಸ್ 1 ಇತ್ತು ಅಂತಲೇ ಹಿಡಿಯೋಣ. ಶನಿವಾರ ಸಂಜೆ ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್ ಬಂತು. ಜೂನ್ 3ರ ಸೋಮವಾರ ಮುಕ್ತಾಯ 23,263.90. ಲಾಗ್ ರಿಟರ್ನ್ ಶೇ 3.20, ವರ್ಗ ಮಾಡಿದರೆ 10.2. ಮಂಗಳವಾರಕ್ಕೆ ವೇರಿಯನ್ಸ್ = 0.02 + 1.02 + 0.88 = 1.92. ವರ್ಗಮೂಲ ಸುಮಾರು 1.39. ಅಂದರೆ ಮತ ಎಣಿಕೆಯ ದಿನ ಬೆಳಿಗ್ಗೆ ಮಾದರಿ ಲೆಕ್ಕ ಹಾಕಿದ್ದ ಏರಿಳಿತ ಶೇ 1.39.

ಅವತ್ತು ನಿಫ್ಟಿ 21,884.50ಕ್ಕೆ ಬಿತ್ತು. ಲಾಗ್ ರಿಟರ್ನ್ -6.11. ವರ್ಗ ಮಾಡಿದರೆ ಸುಮಾರು 37.4. ಬುಧವಾರಕ್ಕೆ ವೇರಿಯನ್ಸ್ = 0.02 + 3.74 + 0.88 × 1.92, ಅಂದರೆ 5.45. ವರ್ಗಮೂಲ 2.33.

ಬುಧವಾರ, ಜೂನ್ 5: ಮುಕ್ತಾಯ 22,620.35. ಲಾಗ್ ರಿಟರ್ನ್ ಶೇ 3.3.

ಹಿಂದಿನ ದಿನ ಆರು ಪರ್ಸೆಂಟ್ ಬಿದ್ದಾಗ "ಇನ್ನೂ ಬೀಳುತ್ತೆ" ಅಂದವರಿಗೂ "ಇನ್ನು ಏರುತ್ತೆ" ಅಂದವರಿಗೂ ಮಾದರಿ ಬೆಂಬಲ ಕೊಟ್ಟಿರಲಿಲ್ಲ. ಅದು ಹೇಳಿದ್ದು ಒಂದೇ: ನಾಳೆ ಅಲ್ಲಾಟ ಮಾಮೂಲಿಯ ಎರಡು ಪಟ್ಟಿಗಿಂತ ಜಾಸ್ತಿ ಇರುತ್ತೆ. ಬಂದ 3.3 ಅನ್ನೋದು ಆ 2.33ರ ಒಂದೂವರೆ ಪಟ್ಟೂ ಅಲ್ಲ.

ಹುಬ್ಬಳ್ಳಿ ಸರ್, ನಿಮಗೆ ಉಪಯೋಗ ಇಲ್ಲೇ ಇದೆ. ಏರಿಳಿತ 1ರಿಂದ 2.33 ಆದ ದಿನ ಅಷ್ಟೇ ಲಾಟ್ (ನಿಗದಿತ ಗಾತ್ರದ ಕಟ್ಟು) ಇಟ್ಕೊಂಡರೆ ನೀವು ತಗೊಳ್ತಿರೋ ರಿಸ್ಕ್ ಎರಡು ಪಟ್ಟು ದಾಟಿದೆ ಅಂತ ಅರ್ಥ. ಅದೇ ರಿಸ್ಕ್‌ನಲ್ಲಿ ಇರಬೇಕಂದ್ರೆ ಲಾಟ್ ಅರ್ಧಕ್ಕಿಂತ ಕಮ್ಮಿ ಮಾಡಬೇಕು. ನಮ್ಮ ಡೆಸ್ಕಿನಲ್ಲಿ ಬೆಳಿಗ್ಗೆ ಆಗೋ ಕೆಲಸ ಬಹುಪಾಲು ಇದೇ. ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದರು. ಖರ್ಚು ಸೇರಿ ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ದಿಕ್ಕು ಊಹಿಸೋಕೆ ಹಾಕೋ ಶ್ರಮದಲ್ಲಿ ಸ್ವಲ್ಪ ಭಾಗ ಗಾತ್ರ ಇಳಿಸೋ ಕಡೆ ಹೋಗಿದ್ದರೆ ಎಷ್ಟೋ ಮನೆಗಳ ಉಳಿತಾಯ ಉಳೀತಿತ್ತು ಅಂತ ನನಗೆ ನಿಜಕ್ಕೂ ಅನಿಸುತ್ತೆ.

ಹುಬ್ಬಳ್ಳಿ_ಆಪ್ಷನ್ಸ್

ಲೆಕ್ಕ ಮಾಡಿ ನೋಡಿದೆ, ಬರೋಬ್ಬರಿ ಬಂತ್ರಿ. ಇನ್ನೊಂದು ಪ್ರಶ್ನಿ: ಏರಿಳಿತ ಜಾಸ್ತಿ ಅಂತ ಮೊದಲ ಗೊತ್ತಾದ್ರ ಏರಿದ್ರ ಲಾಭ ಕೊಡೂ ಕಾಲ್ ಒಂದು, ಇಳಿದ್ರ ಲಾಭ ಕೊಡೂ ಪುಟ್ ಒಂದು ತಗೊಂಡು ಕುಂತ್ರ ಲಾಭ ಆಗೂದಿಲ್ಲೇನ್ರಿ?

ಫ್ರಾಂಕ್‌ಫರ್ಟ್_ಕನ್ನಡತಿ

ಆ ಏರಿಳಿತ ನಿಮಗೊಬ್ಬರಿಗೇ ಗೊತ್ತಿದ್ದರೆ ಆಗುತ್ತಿತ್ತು. ಆಪ್ಷನ್ ಮಾರುವವರಿಗೂ ಗೊತ್ತಿರುವುದರಿಂದ ಪ್ರೀಮಿಯಂ, ಅಂದರೆ ಆಪ್ಷನ್‌ನ ಬೆಲೆ, ಮೊದಲೇ ಏರಿರುತ್ತದೆ. 2024ರ ಮೇ ತಿಂಗಳ ಇಂಡಿಯಾ ವಿಕ್ಸ್ (ಆಪ್ಷನ್ ಬೆಲೆಗಳಿಂದ ಲೆಕ್ಕ ಹಾಕಿದ, ಮುಂದಿನ ಏರಿಳಿತದ ಸೂಚ್ಯಂಕ) ಚಾರ್ಟ್ ತೆಗೆದು ನೋಡಿ. ಮತ ಎಣಿಕೆ ಹತ್ತಿರವಾದಂತೆ ಏರುತ್ತಾ ಹೋಗಿ, ಫಲಿತಾಂಶ ಹೊರಬಿದ್ದ ಮರುದಿನವೇ ಇಳಿಯಿತು. ಆ ಇಳಿತದಲ್ಲಿ ನೀವು ಕೊಂಡ ಎರಡೂ ಆಪ್ಷನ್‌ಗಳ ಬೆಲೆ ಕರಗುತ್ತದೆ.

ಬೆಂಗಳೂರಿನವರ ಲೆಕ್ಕ ಸರಿಯಾಗಿದೆ, ಆದರೆ ಅದರ ಕೊರತೆಯನ್ನೂ ಹೇಳಬೇಕು. ಗಾರ್ಚ್‌ಗೆ ಬೆನ್ನ ಹಿಂದೆ ಮಾತ್ರ ಕಣ್ಣು. ಜೂನ್ 4ಕ್ಕೆ ಎಣಿಕೆ ಎಂದು ಇಡೀ ದೇಶಕ್ಕೆ ಗೊತ್ತಿತ್ತು, ಮಾದರಿಗೆ ಗೊತ್ತಿರಲಿಲ್ಲ. ಮೇ 31ಕ್ಕೆ ವೇರಿಯನ್ಸ್ 1 ಎಂದು ಹಿಡಿದದ್ದನ್ನೇ ವಿಕ್ಸ್ ಆಗ ಒಪ್ಪುತ್ತಿರಲಿಲ್ಲ. ಇನ್ನೊಂದು: 6.11ನ್ನು 1.39ರಿಂದ ಭಾಗಿಸಿ, 4.4 ಬರುತ್ತದೆ. ನಾರ್ಮಲ್ (ಗಂಟೆಯ ಆಕಾರದ) ವಿತರಣೆ ನಿಜವಾಗಿದ್ದರೆ ಅಂಥ ದಿನ ನೂರಾರು ವರ್ಷಕ್ಕೊಮ್ಮೆ ಬರಬೇಕು. ನಾವು ಕಂಡದ್ದೇನು? 2004ರ ಮೇ 17ರಂದು ಸೆನ್ಸೆಕ್ಸ್ ಶೇ 11.14 ಬಿತ್ತು, 2009ರ ಮೇ 18ರಂದು ಶೇ 17.34 ಏರಿತು, 2020ರ ಮಾರ್ಚ್ 23ರಂದು ಶೇ 13.15 ಕುಸಿಯಿತು. ಈ ಪೈಕಿ ಮೊದಲ ಎರಡೂ ಚುನಾವಣಾ ಫಲಿತಾಂಶದ ಬೆನ್ನಿಗೇ ಬಂದವು. ಹಾಗಾಗಿ ನಾರ್ಮಲ್ ಬಿಟ್ಟು, ಇಂಥ ದಿನಗಳಿಗೆ ಹೆಚ್ಚು ಅವಕಾಶ ಕೊಡುವ ಸ್ಟೂಡೆಂಟ್-ಟಿ ವಿತರಣೆ ಹಾಕಿ. ಬೀಳುವಾಗಿನ ಅಲ್ಲಾಟ ಏರುವಾಗಿನದಕ್ಕಿಂತ ಜೋರಾಗಿರುವುದನ್ನು ಹಿಡಿಯಲು ನೆಲ್ಸನ್‌ರ 1991ರ ಇ-ಗಾರ್ಚ್ ಇದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರುಗಾರ್ಚ್, ಪೈಥಾನ್‌ನಲ್ಲಿ ಆರ್ಚ್ ಎಂಬ ಪ್ಯಾಕೇಜುಗಳು ಇವನ್ನೆಲ್ಲ ಉಚಿತವಾಗಿ ಕೊಡುತ್ತವೆ.

ದಾವಣಗೆರೆಯ ತಂಗಿಗೆ ಮಾತ್ರ ನಾನು ಬೇರೆಯೇ ಒಂದು ವಿಷಯ ಹೇಳುತ್ತೇನೆ. ಮಾದರಿ ಕಲಿಯುವುದಕ್ಕೆ ತಿಂಗಳು ಸಾಕು. ಅಂಕಿಅಂಶವನ್ನು ಅನುಮಾನಿಸಲು ಕಲಿಯುವುದಕ್ಕೆ ಹೆಚ್ಚು ಸಮಯ ಬೇಕು, ಅದನ್ನು ತರಗತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇನ್ಫೊಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು, ಅಂದರೆ ಇರುವ ಪ್ರತಿ ಷೇರಿಗೆ ಇನ್ನೊಂದು ಉಚಿತ. ಬೆಲೆ ಒಂದೇ ದಿನ ಅರ್ಧವಾಯಿತು, ಷೇರುದಾರರಿಗೆ ಒಂದು ರೂಪಾಯಿಯೂ ನಷ್ಟವಾಗಲಿಲ್ಲ. ಹೊಂದಿಸದ ಬೆಲೆಗಳ ಫೈಲ್ ಇಳಿಸಿಕೊಂಡರೆ ಆ ದಿನದ ಲಾಗ್ ರಿಟರ್ನ್ ಶೇ -69 ಎಂದು ಬರುತ್ತದೆ. ಅದನ್ನು ಗಾರ್ಚ್‌ಗೆ ಕೊಟ್ಟರೆ ವಾರಗಟ್ಟಲೆ ಇಲ್ಲದ ಭೂಕಂಪ ತೋರಿಸುತ್ತದೆ. ಹಾಗೆಯೇ ಇವತ್ತಿನ ನಿಫ್ಟಿಯ ಐವತ್ತು ಕಂಪನಿಗಳ ಪಟ್ಟಿ ಹಿಡಿದು 2008ರಿಂದ ಲೆಕ್ಕ ಹಾಕುವವರನ್ನು ನೋಡಿದ್ದೇನೆ. 2008ರಲ್ಲಿ ಆ ಪಟ್ಟಿಯಲ್ಲಿ ಆಮೇಲೆ ಕುಸಿದ ಸತ್ಯಂ ಕಂಪನಿ ಇತ್ತು. ಬಿದ್ದವರನ್ನು ಬಿಟ್ಟು ಉಳಿದವರನ್ನಷ್ಟೇ ಎಣಿಸಿದರೆ ಯಾವ ತಂತ್ರವೂ ಚೆನ್ನಾಗಿಯೇ ಕಾಣುತ್ತದೆ.

ಗಡಿಯಾರವನ್ನೂ ನೋಡಬೇಕು. ಎನ್‌ಎಸ್‌ಇ ಮುಗಿಯುವುದು ಮಧ್ಯಾಹ್ನ 3.30ಕ್ಕೆ. ನ್ಯೂಯಾರ್ಕ್ ಆರಂಭವಾಗುವಾಗ ನಮ್ಮಲ್ಲಿ ಸಂಜೆ ಏಳು ಗಂಟೆ, ಚಳಿಗಾಲದಲ್ಲಿ ಎಂಟು. ಒಂದೇ ತಾರೀಕಿನ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು "ಅಮೆರಿಕ ನಮ್ಮನ್ನು ನಡೆಸುತ್ತದೋ" ಎಂದು ಪರೀಕ್ಷಿಸಿದರೆ ಉತ್ತರ ತಲೆಕೆಳಗಾಗುತ್ತದೆ. ನಮ್ಮ ಇವತ್ತಿಗೆ ಅವರ ನಿನ್ನೆಯನ್ನು ಜೋಡಿಸಬೇಕು.

ಮೂಡಿಗೆರೆ_ತೋಟ

ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ಗಡಿಯಾರದ ಮಾತು ಬಂದಿದ್ದಕ್ಕೆ ಬರೀತಿದೀನಿ. ನಮ್ದು ರೊಬಸ್ಟಾ ಕಾಫಿ ತೋಟ. ಷೇರಿಗೆ ನಾನು ಕೈ ಹಾಕಿಲ್ಲ, ಆದ್ರೆ ನಮ್ಮ ಬೆಲೆ ನಿಂತಿರೋದು ಲಂಡನ್ ಫ್ಯೂಚರ್ಸ್ (ಮುಂದೆ ಕೊಡೋ ಕಾಫಿಗೆ ಈಗಲೇ ಆಗೋ ಬೆಲೆ ಒಪ್ಪಂದ) ಮೇಲೆ, ಅದೂ ಡಾಲರ್ ಲೆಕ್ಕದಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಟನ್ನಿಗೆ 5,000 ಡಾಲರ್ ದಾಟಿದಾಗ ಇಲ್ಲೂ ಸಿಪ್ಪೆ ಸಮೇತ ಒಣಗಿಸಿದ ಚೆರಿಗೆ ಹಿಂದೆಂದೂ ಕಾಣದ ಬೆಲೆ ಬಂತು. ನಮ್ಮ ಕಡೆ ಬೆಳೆಗಾರರದ್ದು ಒಂದು ಹಳೇ ಗುಮಾನಿ ಇದೆ. ಲಂಡನ್ ಏರಿದ್ರೆ ಇಲ್ಲಿ ನಿಧಾನಕ್ಕೆ ಏರುತ್ತೆ, ಅಲ್ಲಿ ಇಳಿದ್ರೆ ಇಲ್ಲಿ ಅವತ್ತೇ ಇಳೀತದೆ ಅಂತ. ಕೊಳ್ಳೋರು ಹಂಗೇನಿಲ್ಲ ಅಂತಾರೆ. ನನ್ನ ಹತ್ರ ವಾರವಾರ ಐವತ್ತು ಕೆಜಿ ಚೀಲದ ಬೆಲೆ ಬರೆದಿಟ್ಟ ಡೈರಿಗಳಿವೆ. ಈ ಗುಮಾನಿ ನಿಜವೋ ಸುಳ್ಳೋ ಅಂತ ಲೆಕ್ಕದಲ್ಲಿ ತೋರಿಸೋಕಾಗುತ್ತಾ?

ಸಂಖ್ಯಾ_ಮೇಷ್ಟ್ರು

ಆಗುತ್ತೆ ಸರ್. ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದೇ. ಕೋ-ಇಂಟಿಗ್ರೇಷನ್ ಅನ್ನೋದು ಹುಟ್ಟಿದ್ದೇ ಇಂಥ ಪ್ರಶ್ನೆಗಳಿಗೆ.

ಲಂಡನ್ ಬೆಲೆ ಒಂದು ದಿಕ್ಕಿಲ್ಲದೆ ಅಲೆಯುತ್ತೆ, ಮೂಡಿಗೆರೆ ಬೆಲೆಯೂ ಅಲೆಯುತ್ತೆ. ಬೇರೆ ಬೇರೆ ನೋಡಿದರೆ ಎರಡಕ್ಕೂ ಲಂಗುಲಗಾಮಿಲ್ಲ. ಆದರೆ ಹಬ್ಬದ ಜನಜಂಗುಳಿಯಲ್ಲಿ ಅಪ್ಪನ ಕೈ ಬಿಟ್ಟು ಓಡಾಡೋ ಮಗು ತೀರಾ ದೂರ ಹೋದಾಗ ಓಡಿ ಬಂದು ಸೇರಿಕೊಳ್ಳುತ್ತಲ್ಲ, ಹಾಗೆ ಇವೆರಡರ ಅಂತರ ಮಿತಿ ಮೀರಿ ಹಿಗ್ಗೋದಿಲ್ಲ. ಹಿಗ್ಗಿದರೆ ವ್ಯಾಪಾರಿಗಳು ಆ ಅಂತರದಲ್ಲೇ ಲಾಭ ಮಾಡ್ಕೊಂಡು ಅದನ್ನು ಮುಚ್ಚುತ್ತಾರೆ. 1987ರಲ್ಲಿ ಎಂಗಲ್ ಮತ್ತು ಗ್ರಾಂಜರ್ ತೋರಿಸಿದ ದಾರಿ ಹೀಗಿದೆ. ಲಂಡನ್ ಬೆಲೆಯನ್ನು ಅವತ್ತಿನ ಡಾಲರ್ ದರದಿಂದ ಗುಣಿಸಿ ರೂಪಾಯಿಗೆ ತನ್ನಿ. ಅದರ ಲಾಗ್ ಮೇಲೆ ನಿಮ್ಮ ಬೆಲೆಯ ಲಾಗ್ ರಿಗ್ರೆಸ್ ಮಾಡಿ. ಉಳಿಯೋ ಶೇಷ, ಅಂದರೆ ಎರಡರ ನಡುವಿನ ಬಿರುಕು, ಸ್ಥಿರವಾಗಿದೆಯಾ ನೋಡಿ. (ದಾವಣಗೆರೆ ಹುಡುಗಿ ಗಮನಿಸಬೇಕು: ಶೇಷದ ಮೇಲೆ ಪರೀಕ್ಷೆ ಮಾಡುವಾಗ -2.86 ಬಳಸಬಾರದು. ಎರಡು ಸರಣಿ ಇದ್ದಾಗ ಶೇ 5ರ ಗಡಿ ಸುಮಾರು -3.34. ಪ್ರಬಂಧಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ.)

ಸ್ಥಿರವಾಗಿದ್ದರೆ ಎರಡನೇ ಹೆಜ್ಜೆ. ಈ ವಾರ ನಿಮ್ಮ ಬೆಲೆ ಎಷ್ಟು ಬದಲಾಯಿತು ಅನ್ನೋದನ್ನು ಹೋದ ವಾರದ ಬಿರುಕಿನ ಮೇಲೆ ರಿಗ್ರೆಸ್ ಮಾಡೋದು. ನಿಮ್ಮ ಗುಮಾನಿಗೆ ಉತ್ತರ ಸಿಗಬೇಕಂದರೆ ಬಿರುಕನ್ನು ಎರಡು ಭಾಗ ಮಾಡಬೇಕು: ಊರಿನ ಬೆಲೆ ಲಂಡನ್‌ಗಿಂತ ಕೆಳಗೆ ಉಳಿದ ವಾರಗಳು, ಮೇಲೆ ಉಳಿದ ವಾರಗಳು. ಎರಡಕ್ಕೂ ಬೇರೆ ಬೇರೆ ಗುಣಾಂಕ. ಕೆಳಗೆ ಉಳಿದಾಗ ವಾರಕ್ಕೆ ಬಿರುಕಿನ ಹತ್ತನೇ ಒಂದು ಭಾಗ ಮುಚ್ಚಿ, ಮೇಲೆ ಉಳಿದಾಗ ಅರ್ಧ ಭಾಗ ಮುಚ್ಚುತ್ತಿದ್ದರೆ, ಆ ವ್ಯತ್ಯಾಸ ಬರೀ ಅದೃಷ್ಟದಿಂದ ಬಂದದ್ದಲ್ಲ ಅಂತ ಪರೀಕ್ಷೆಯೂ ಹೇಳಿದರೆ, ನಿಮ್ಮ ಮಾತಿಗೆ ಆಧಾರ ಸಿಕ್ಕ ಹಾಗೆ. ಎರಡೂ ಒಂದೇ ವೇಗದಲ್ಲಿ ಮುಚ್ಚುತ್ತಿದ್ದರೆ ಗುಮಾನಿ ಬಿಡಬೇಕಾಗುತ್ತೆ. ಎರಡಕ್ಕೂ ಸಿದ್ಧರಿದ್ದರೆ ಮಾತ್ರ ಲೆಕ್ಕಕ್ಕೆ ಕೂರಬೇಕು.

ಲಂಡನ್ ವ್ಯವಹಾರ ಮುಗಿಯೋ ಹೊತ್ತಿಗೆ ನಮ್ಮಲ್ಲಿ ರಾತ್ರಿ. ನೀವು ಶುಕ್ರವಾರ ಮಧ್ಯಾಹ್ನ ಬೆಲೆ ಬರೆದಿದ್ದರೆ ಅದರ ಪಕ್ಕ ಗುರುವಾರದ ಲಂಡನ್ ಮುಕ್ತಾಯವನ್ನೇ ಇಡಬೇಕು. ಚೆರಿ ಬೆಲೆಯನ್ನು ಔಟ್‌ಟರ್ನ್ (ಚೀಲದ ಚೆರಿಯಿಂದ ಸಿಗೋ ಬೀಜದ ಪ್ರಮಾಣ) ಲೆಕ್ಕದಲ್ಲಿ ಬರೆದಿದ್ದೀರಾ ಅಥವಾ ಬರೀ ಚೀಲಕ್ಕೆ ಇಷ್ಟು ಅಂತಲಾ?

ದಾವಣಗೆರೆ_ಎಂಎ

ಸರ್, ನೀವು ಹೇಳಿದ ಹಾಗೆ ಲಾಗ್ ವ್ಯತ್ಯಾಸ ತಗೊಂಡು ಮತ್ತೆ ಮಾಡಿದೆ. ಡರ್ಬಿನ್-ವಾಟ್ಸನ್ 2ರ ಹತ್ತಿರ ಬಂತು. ಎಂ3ರ ನಕ್ಷತ್ರ ಹೋಯಿತು. ಡಾಲರ್ ದರದ ಗುಣಾಂಕ ಮಾತ್ರ ಉಳೀತು, ಅದೂ ಋಣ ಚಿಹ್ನೆಯಲ್ಲಿ: ರೂಪಾಯಿ ದುರ್ಬಲವಾದ ತಿಂಗಳು ನಿಫ್ಟಿ ಇಳಿದಿದೆ. ಮೊದಲು ಧನ ಚಿಹ್ನೆ ಇತ್ತು! ಆದರೆ ಆರ್-ಸ್ಕ್ವೇರ್ ತುಂಬಾ ಸಣ್ಣದು. "ರಿಸಲ್ಟೇ ಇಲ್ಲವಲ್ಲ" ಅಂತಾರೆ. ಏನು ಬರೆಯಲಿ?

ಫ್ರಾಂಕ್‌ಫರ್ಟ್_ಕನ್ನಡತಿ

ಚಿಹ್ನೆ ಬದಲಾಯಿತಲ್ಲ, ಅದೇ ನಿಮ್ಮ ಅಧ್ಯಾಯ. ಮಟ್ಟಗಳ ಕೋಷ್ಟಕ ಒಂದು ಪುಟ, ರಿಟರ್ನ್‌ಗಳ ಕೋಷ್ಟಕ ಎದುರು ಪುಟ. ಏಕೆ ತಿರುಗಿಬಿತ್ತು ಎಂದು ವಿವರಿಸಿ. ವಿದೇಶಿ ಹೂಡಿಕೆದಾರರು ಷೇರು ಮಾರಿ ಹಣ ಹೊರಗೊಯ್ಯುವ ತಿಂಗಳಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ಹಾಗಾಗಿ ರೂಪಾಯಿ ನಿಫ್ಟಿಯನ್ನು ಇಳಿಸಿತು ಎಂದು ಬರೆಯಬೇಡಿ, ಎರಡನ್ನೂ ಮೂರನೆಯದೊಂದು ಎಳೆದಿರಬಹುದು. ಮುಂದೆ ಗ್ರಾಂಜರ್ ಕಾರಣತ್ವದ ಪರೀಕ್ಷೆ ಮಾಡಿದಾಗಲೂ ಇದೇ ಎಚ್ಚರ ಇರಲಿ. ಅದು ಯಾವುದು ಮೊದಲು ಬರುತ್ತದೆ ಎಂದಷ್ಟೇ ಹೇಳುತ್ತದೆ, ಯಾವುದು ಕಾರಣ ಎಂದಲ್ಲ.

ನಕ್ಷತ್ರ ಬರುವವರೆಗೂ ಹೊಸ ಹೊಸ ಚಲಕ (ವೇರಿಯಬಲ್) ಹಾಕುತ್ತಾ ಹೋಗಲು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಶೇ 5ರ ಮಟ್ಟದಲ್ಲಿ ಇಪ್ಪತ್ತು ಸಂಬಂಧವಿಲ್ಲದ ಚಲಕಗಳನ್ನು ಪರೀಕ್ಷಿಸಿದರೆ ಸರಾಸರಿ ಒಂದಕ್ಕೆ ನಕ್ಷತ್ರ ಬಂದೇ ಬರುತ್ತದೆ. ಎಷ್ಟು ಹಾಕಿ ನೋಡಿದಿರಿ ಎಂಬುದನ್ನು ಪ್ರಬಂಧದಲ್ಲೇ ಬರೆಯಿರಿ. ಕೊನೆಯ ಎರಡು ವರ್ಷದ ಅಂಕಿಅಂಶವನ್ನು ಈಗಲೇ ಬೇರೆ ಫೈಲಿಗೆ ಹಾಕಿ ಮುಚ್ಚಿಡಿ. ಮಾದರಿ ಅಂತಿಮವಾದ ಮೇಲೆ ಒಮ್ಮೆ ಮಾತ್ರ ತೆರೆಯಿರಿ.

ಕಲಿಯುವ ಕ್ರಮ ಕೇಳಿದ್ದಿರಿ. ಸಂಭವನೀಯತೆ ಮತ್ತು ಸಾಧಾರಣ ರಿಗ್ರೆಷನ್ ಕೈಗೆ ಕೂರುವವರೆಗೆ ಮುಂದೆ ಹೋಗಬೇಡಿ. ಮ್ಯಾಟ್ರಿಕ್ಸ್ ಗುಣಾಕಾರ ಬಂದರೆ ಸದ್ಯಕ್ಕೆ ಸಾಕು, ಕ್ಯಾಲ್ಕುಲಸ್‌ನಲ್ಲಿ ಅವಕಲನ ಸಾಕು. ಆಮೇಲೆ ಸ್ಥಿರತೆಯ ಪರೀಕ್ಷೆ, ಗಾರ್ಚ್, ಕೋ-ಇಂಟಿಗ್ರೇಷನ್. ಆನ್‌ಲೈನ್ ಪಾಠದ ಜಾಲತಾಣಗಳಾದ ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಎಕನಾಮೆಟ್ರಿಕ್ಸ್ ಪಾಠಗಳು ಉಚಿತವಾಗಿವೆ. ಮಷಿನ್ ಲರ್ನಿಂಗ್ ಈ ವರ್ಷ ಬೇಡ.

ಹುಬ್ಬಳ್ಳಿ_ಆಪ್ಷನ್ಸ್

ನನ್ನ ಹತ್ರ ಹದಿನೈದು ಸೆಟಪ್ (ಟ್ರೇಡ್ ಮಾಡೂ ಪದ್ಧತಿ) ಅದಾವ, ಯಾವ್ಯಾವು ನಡೀಲಿಲ್ಲ ಅಂತ ಎಲ್ಲೂ ಬರದಿಟ್ಟಿಲ್ರಿ. ಗೆದ್ದವಷ್ಟ ನೆನಪದಾವ. ಅಕ್ಕಾರು ಹೇಳಿದ ಇಪ್ಪತ್ತರಾಗ ಒಂದರ ಮಾತು ಮನಸಿಗೆ ನಾಟ್ತು.

ರಿಸ್ಕ್‌ಡೆಸ್ಕ್_ಬೆಂಗಳೂರು

ಇವತ್ತಿಂದ ಬರೆದಿಡಿ ಸರ್, ಸೋತದ್ದನ್ನೂ ಸೇರಿಸಿ. ಆರು ತಿಂಗಳ ಪಟ್ಟಿ ಕೈಗೆ ಬಂದಾಗ ಇಲ್ಲಿ ಹಾಕಿ, ಖರ್ಚು ಕಳೆದು ಒಟ್ಟಿಗೆ ಲೆಕ್ಕ ಮಾಡೋಣ. ಆ ಆರು ತಿಂಗಳು ಒಂದೇ ಲಾಟ್.

ಮೂಡಿಗೆರೆ_ತೋಟ

ಮೇಷ್ಟ್ರೇ, ಹಳೇ ಡೈರಿಗಳಲ್ಲಿ ಬರೀ ಚೀಲದ ಬೆಲೆ ಇದೆ. ಈಚಿನವುಗಳಲ್ಲಿ ಔಟ್‌ಟರ್ನ್ ಕೂಡ ಬರೆದಿದೀನಿ. ಮಳೆಗಾಲದಲ್ಲಿ ಎಷ್ಟೋ ವಾರ ವ್ಯಾಪಾರವೇ ಇರಲಿಲ್ಲ, ಅಲ್ಲಿ ಖಾಲಿ ಬಿಟ್ಟಿದೀನಿ. ಹಿಂದಿನ ವಾರದ ಬೆಲೆಯನ್ನೇ ಹಾಕಿ ತುಂಬಿಸಲಾ?

ಸಂಖ್ಯಾ_ಮೇಷ್ಟ್ರು

ಬೇಡ. ಹಿಂದಿನ ಬೆಲೆ ತುಂಬಿಸಿದರೆ ಲಂಡನ್ ಏರಿದಾಗಲೂ ಊರಿನ ಬೆಲೆ ಅಲುಗಾಡಲಿಲ್ಲ ಅಂತ ಲೆಕ್ಕಕ್ಕೆ ಕಾಣುತ್ತೆ. ನಾವು ಹುಡುಕ್ತಿರೋ ನಿಧಾನ ಅಲ್ಲಿ ನಾವೇ ಹುಟ್ಟಿಸಿದ ಹಾಗಾಗುತ್ತೆ. ಖಾಲಿ ಇರೋದು ಖಾಲಿಯೇ ಇರಲಿ. ಔಟ್‌ಟರ್ನ್ ಬರೆದ ವರ್ಷಗಳನ್ನಷ್ಟೇ ಮೊದಲು ತಗೊಳ್ಳೋಣ, ಹಳೆಯವನ್ನು ಇದರ ಜೊತೆ ಬೆರೆಸೋದು ಬೇಡ. ಒಂದು ಕಾಲಂನಲ್ಲಿ ತಾರೀಕು, ಒಂದರಲ್ಲಿ ಬೆಲೆ, ಒಂದರಲ್ಲಿ ಔಟ್‌ಟರ್ನ್, ಕೊನೆಯದರಲ್ಲಿ ಅದು ನಿಜಕ್ಕೂ ಮಾರಿದ ಬೆಲೆಯೋ ಅಥವಾ ಫೋನಿನಲ್ಲಿ ಕೇಳಿದ ಬೆಲೆಯೋ ಅನ್ನೋದು. ದಾವಣಗೆರೆ ಹುಡುಗಿ ಒಪ್ಪಿದರೆ ಟೈಪ್ ಮಾಡೋ ಕೆಲಸ ಅವಳು ಹಂಚಿಕೊಳ್ಳಲಿ. ಡಿಕಿ-ಫುಲ್ಲರ್ ಪರೀಕ್ಷೆ ಕಲಿಯೋಕೆ ನಿಫ್ಟಿಗಿಂತ ಇದು ಒಳ್ಳೆ ಸರಣಿ.